ಮರಿ ಕಡಿಯದಿದ್ದರೆ ಹಿರಿಯರು ಮರೆತುಹೋಗ್ತಾರಾ?

ಜಗಳೂರು ತಾಲ್ಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಊರ ಮಾರಮ್ಮನ ಹಬ್ಬಕ್ಕೆ ಮರಿ ಕಡಿಯುವುದು ಅವರ ಮನೆಯಲ್ಲಿ ಅಜ್ಜನ ಕಾಲದ ಹರಕೆ. ಈ ಸಲ ಮಗ 'ಬೇಡಮ್ಮ, ನಿಲ್ಲಿಸೋಣ' ಎಂದನಂತೆ. ಹಬ್ಬದ ವಾರವೇ ಸೊಸೆ ಮುಟ್ಟಾದಳು, ಮೂರು ದಿನ ಹಿತ್ತಲಲ್ಲಿ ಕೂರಿಸಿದರು. ಅದಕ್ಕೂ ಮಗನಿಗೆ ಸಿಟ್ಟು. 'ಎಲ್ಲಾ ಬಿಟ್ಟರೆ ಹಿರಿಯರ ನೆನಪು ಉಳಿಯುತ್ತಾ? ಹಿಂಗೆ ಬಿಟ್ಟವರು ಬೇರೆ ಕಡೆ ಯಾರಾದ್ರೂ ಇದಾರಾ?' ಇದು ಅವರ ಪ್ರಶ್ನೆ.

ಇದ್ದಾರಮ್ಮ. ಯೆಹೂದ್ಯರನ್ನೇ ನೋಡಿ. ಪಸ್ಕ ಹಬ್ಬಕ್ಕೆ ಅವರು ಜೆರೂಸಲೇಮಿನ ದೇವಾಲಯಕ್ಕೆ ಕುರಿಮರಿ ಒಯ್ದು ಕಡಿಸಿ, ರಾತ್ರಿ ಮನೆಮಂದಿಯೆಲ್ಲ ಕೂತು ಉಣ್ಣುತ್ತಿದ್ದರು. ಈಜಿಪ್ಟಿನ ಜೀತದಿಂದ ಬಿಡುಗಡೆಯಾದ ನೆನಪಿಗೆ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಸುಟ್ಟಿತು. ಅಲ್ಲಿಗೆ ಬಲಿ ನಿಂತಿತು. ಹಬ್ಬ ನಿಲ್ಲಲಿಲ್ಲ. ಇವತ್ತಿಗೂ ಆ ರಾತ್ರಿ ತಟ್ಟೆಯಲ್ಲಿ ಸುಟ್ಟ ಎಲುಬೊಂದನ್ನು ಇಡುತ್ತಾರೆ, ಕಹಿ ಸೊಪ್ಪು ತಿನ್ನುತ್ತಾರೆ (ನಮ್ಮ ಯುಗಾದಿ ಬೇವಿನ ಹಾಗೆ, ಅಲ್ವಾ), ಮನೆಯ ಚಿಕ್ಕ ಮಗು 'ಈ ರಾತ್ರಿ ಯಾಕೆ ಬೇರೆ ಥರ?' ಎಂದು ಕೇಳಲೇಬೇಕು, ದೊಡ್ಡವರು ಕತೆ ಹೇಳಲೇಬೇಕು. ಮಗುವಿನ ಪ್ರಶ್ನೆಯಿಲ್ಲದೆ ಆ ಹಬ್ಬವೇ ಇಲ್ಲ. ನಿಮ್ಮ ಮಗನ ಪ್ರಶ್ನೆಯೂ ನನಗೆ ಹಾಗೇ ಕಾಣುತ್ತದೆ. ಎದುರಾಡಿದ ಅಂತ ನೊಂದುಕೊಳ್ಳಬೇಡಿ. ಸಮಾರ್ಯದವರು ಎಂಬ ಚಿಕ್ಕ ಸಮುದಾಯ ಮಾತ್ರ ಗೆರಿಜ್ಜೀಮ್ ಬೆಟ್ಟದ ಮೇಲೆ ಇಂದಿಗೂ ಕುರಿ ಕಡಿಯುತ್ತದೆ. ಅದನ್ನೂ ಹೇಳಬೇಕು.

ನಮ್ಮಲ್ಲೂ ಬದಲಿ ಕೊಡುವುದು ಹೊಸದಲ್ಲ. ಆಯುಧಪೂಜೆ ದಿನ ದಾವಣಗೆರೆಯ ಅಂಗಡಿ, ಗ್ಯಾರೇಜುಗಳ ಮುಂದೆ ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುತ್ತಾರಲ್ಲ, ಅದು ಬಲಿಯ ಬದಲಿಯೇ. ಯಜ್ಞಕ್ಕೆ ಹಿಟ್ಟಿನ ಪಶು ಸಾಕು ಎಂದು ಮಧ್ವಾಚಾರ್ಯರು 13ನೇ ಶತಮಾನದಲ್ಲೇ ಹೇಳಿದರು. ದೇವಸ್ಥಾನದಲ್ಲಿ ಪ್ರಾಣಿಬಲಿಯನ್ನು ನಮ್ಮ ರಾಜ್ಯದ 1959ರ ಕಾಯ್ದೆಯೂ ತಡೆಯುತ್ತದೆ. ಆದರೆ ಪೊಲೀಸರಿಗೆ ಹೆದರಿ ಬಿಟ್ಟರೆ ಮನಸ್ಸಿನಲ್ಲಿ ಅಳುಕು ಉಳಿದೇ ಉಳಿಯುತ್ತದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸೊಸೆಯ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಮಗನ ಕಡೆ. ಮೈಲಿಗೆ ಹಳೇ ಕಾಲದಲ್ಲಿ ಬೇರೆ ದೇಶಗಳಲ್ಲೂ ಇತ್ತು. ಗ್ರೀಕರು ಸಾವಾದ ಮನೆಯ ಬಾಗಿಲಲ್ಲಿ ನೀರಿನ ಪಾತ್ರೆ ಇಡುತ್ತಿದ್ದರು, ಹೊರಗೆ ಬರುವವರು ಚಿಮುಕಿಸಿಕೊಳ್ಳಲಿ ಅಂತ. ಯೆಹೂದ್ಯರಲ್ಲಿ ಹೆಣ ಮುಟ್ಟಿದವರಿಗೆ 7 ದಿನ ಮೈಲಿಗೆ, ಕೆಂಪು ಹಸುವಿನ ಬೂದಿ ಬೆರೆಸಿದ ನೀರು ಚಿಮುಕಿಸಿದರೆ ಕಳೆಯಿತು. ಹೆತ್ತ ತಾಯಿಗೆ ಗಂಡಾದರೆ 40 ದಿನ, ಹೆಣ್ಣಾದರೆ 80. ಈಗ ಯೋಚನೆ ಮಾಡಿ. ಅಪ್ಪನನ್ನು ಮಣ್ಣು ಮಾಡುವುದು ಪಾಪವೇ? ಮಾಡದಿದ್ದರೆ ಪಾಪ. ಹೆರುವುದು ಪಾಪವೇ? ಆ ಲೆಕ್ಕದಲ್ಲಿ ಮೈಲಿಗೆಗೂ ತಪ್ಪಿಗೂ ಸಂಬಂಧವೇ ಇರಲಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳ ಪಾಲಿಗೆ ಅದು ಶಿಕ್ಷೆಯಾಗಿ ಕೂತಿದೆ. ಹೊಟ್ಟೆನೋವಿನಲ್ಲಿರುವ ಹುಡುಗಿಯನ್ನು ಹಿತ್ತಲಲ್ಲಿ ಮಲಗಿಸಿ ಒಳಗೆ ದೇವಿಗೆ ಆರತಿ ಎತ್ತಿದರೆ ನನ್ನ ಮನಸ್ಸಂತೂ ಒಪ್ಪುವುದಿಲ್ಲ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಈ ಐದೂ ಸೂತಕ ಇಲ್ಲ ಎಂದು 12ನೇ ಶತಮಾನದ ಶರಣರು ನಡೆದರು. ಅವರಿಗಿಂತ ಜಾಸ್ತಿ ಭಕ್ತಿ ನಮಗಿದೆಯಾ?

ನೆನಪಿನ ಮಾತಿಗೆ ಬರುತ್ತೇನೆ. ಮೊಳಕಾಲ್ಮೂರು ಕಡೆ ಹೋದಾಗ ಬ್ರಹ್ಮಗಿರಿ ನೋಡಿ ಬನ್ನಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಕಲ್ಲುಚಪ್ಪಡಿಯ ಗೋರಿಗಳು ಸಿಕ್ಕವು. ಮಾಂಸ ಕರಗಿದ ಮೇಲೆ ಹಿರಿಯರ ಎಲುಬು ಆಯ್ದು ತಂದು, ಮಡಕೆ, ಕಬ್ಬಿಣದ ಸಾಮಾನಿನ ಜೊತೆ ಒಳಗಿಟ್ಟಿದ್ದರು. ಅದೇ ಜಾಗದಲ್ಲಿ ಅಶೋಕನ ಬಂಡೆ ಶಾಸನವಿದೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ಸತ್ಯ ಹೇಳಬೇಕು, ಇದೇ ಹಳೇ ಪದ್ಧತಿ ಎಂದು ಅದರಲ್ಲಿದೆ. ನಿಮ್ಮ ಮಾತೂ ಮಗನ ಮಾತೂ ಒಂದೇ ಬಂಡೆಯ ಮೇಲೆ ಪಕ್ಕಪಕ್ಕ ಇವೆ ನೋಡಿ.

ಇನ್ನೊಂದು ಮಾತು, ಬೇಜಾರಾಗಬೇಡಿ. ನಿಮ್ಮ ಪತ್ರದಲ್ಲಿ ಮರಿಯ ರೇಟು ಇದೆ, ಯಾರ ಮನೆಗೆ ಯಾವ ಪಾಲು ಅಂತಲೂ ಇದೆ. ಹರಕೆ ಹೊತ್ತ ಅಜ್ಜನ ಹೆಸರಿಲ್ಲ. ಬರ ಬಂದಿತ್ತೋ, ಮನೆಯಲ್ಲಿ ಕಾಯಿಲೆ ಇತ್ತೋ, ಅದೂ ಇಲ್ಲ. ಊರಲ್ಲಿ ಹಳಬರನ್ನು ಕೇಳಿ ತಿಳಿದುಕೊಳ್ಳಿ. ಮುಂದಿನ ಹಬ್ಬಕ್ಕೆ ಹೋಳಿಗೆ ಎಡೆ ಇಟ್ಟು, ಮೊಮ್ಮಕ್ಕಳನ್ನು ಕೂರಿಸಿಕೊಂಡು ಆ ಕತೆ ಹೇಳಿ. ನಮಗೂ ಬರೆದು ಕಳಿಸಿ. ಸೊಸೆಯ ಕೈಯಲ್ಲಿ ಬರೆಸಿದರೆ ಇನ್ನೂ ಸಂತೋಷ.

— ಸಂಪಾದಕ