ಘಾಟಿಯಲ್ಲಿ ಹೆಡ್-ಅಪ್ ಡಿಸ್‌ಪ್ಲೇ ಆಫ್ ಮಾಡಬೇಕಾ?

ಪ್ರಶ್ನೆ: ನಮ್ಮ ಹೊಸ ಕಾರಿನ ಮುಂದಿನ ಗ್ಲಾಸಿನಲ್ಲೇ ಸ್ಪೀಡು, ಮ್ಯಾಪಿನ ಬಾಣ ಎಲ್ಲ ಕಾಣುತ್ತದೆ. ಆಗುಂಬೆ ಇಳಿದು ಉಡುಪಿಗೆ ಆಗಾಗ ಹೋಗುತ್ತೇವೆ. ರಾತ್ರಿ ಅದು ಕಣ್ಣಿಗೆ ಚುಚ್ಚುತ್ತದೆ. ಹಗಲು ಕೂಲಿಂಗ್ ಗ್ಲಾಸ್ ಹಾಕಿದರೆ ಕಾಣುವುದೇ ಇಲ್ಲ. ಮಂಜಿನಲ್ಲಿ ಆಫ್ ಮಾಡಬೇಕಾ? – ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಕನ್ನಡಕ ಪೋಲರೈಸ್ಡ್ ಇರಬೇಕು. ರಸ್ತೆಯ ಪ್ರತಿಫಲನ ತಡೆಯುವ ಹಾಗೆಯೇ ಅದು ಈ ಬಿಂಬವನ್ನೂ ತಡೆಯುತ್ತದೆ. ಕಾರಿನದೇನೂ ದೋಷವಿಲ್ಲ. ಕನ್ನಡಕ ಬದಲಿಸಿ.

ರಾತ್ರಿಯ ವಿಷಯಕ್ಕೆ ಬರೋಣ. ಮೊದಲು ಸೀಟು ಸರಿಮಾಡಿಕೊಳ್ಳಿ, ಆಮೇಲೆ ಬಿಂಬವನ್ನು ಬಾನೆಟ್ಟಿನ ಅಂಚಿನ ಹತ್ತಿರಕ್ಕೆ ಇಳಿಸಿ. ರಸ್ತೆಯ ಮೇಲೆ ಕೂರಬಾರದು. ಬೆಳಕನ್ನು ಓದಲು ಸಾಕಾಗುವಷ್ಟಕ್ಕೆ ತಗ್ಗಿಸಿ. ಹಾಡಿನ ಹೆಸರು, ಆರ್‌ಪಿಎಂ ಎಲ್ಲ ತೆಗೆದುಹಾಕಿ. ಇದನ್ನೆಲ್ಲ ಮನೆ ಅಂಗಳದಲ್ಲೇ ಮುಗಿಸಿಕೊಳ್ಳಿ, ಘಾಟಿಯಲ್ಲಿ ಬೇಡ.

ಮಂಜಿನಲ್ಲಿ ಆಫ್ ಮಾಡಿ ಅಂತ ನಾನು ಹೇಳುವುದಿಲ್ಲ. ಪಕ್ಕದ ಮರ, ಧರೆ ಕಾಣದಿದ್ದಾಗ ನಮ್ಮ ವೇಗ ನಮಗೇ ಗೊತ್ತಾಗುವುದಿಲ್ಲ. ಸ್ಪೀಡಿನ ಅಂಕಿ ಒಂದೇ ಇರಲಿ. ಗಂಟೆಗೆ 40 ಕಿ.ಮೀ. ವೇಗದಲ್ಲೂ ಕಾರು ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ, ನೆನಪಿರಲಿ. ಆದರೆ ಮಂಜಿನಲ್ಲಿ ರಸ್ತೆ ಮಸುಕು, ಅಂಕಿ ಮಾತ್ರ ಸ್ಪಷ್ಟ. ಕಣ್ಣು ಅಲ್ಲೇ ನಿಂತುಬಿಡುತ್ತದೆ. ಮುಖ ರಸ್ತೆಯ ಕಡೆಗೇ ಇರುವುದರಿಂದ ಗಮನವೂ ರಸ್ತೆಯ ಮೇಲಿದೆ ಅಂದುಕೊಳ್ಳುತ್ತೇವೆ. ಈ ಡಿಸ್‌ಪ್ಲೇ ಬಂದಿದ್ದೇ ಯುದ್ಧವಿಮಾನಗಳಿಂದ. 1980ರ ಹೊತ್ತಿಗೆ ನಾಸಾದವರು ಸಿಮ್ಯುಲೇಟರಿನಲ್ಲಿ ಪರೀಕ್ಷೆ ಮಾಡಿದಾಗ, ಇದನ್ನು ನೋಡುತ್ತಾ ಇಳಿಯುತ್ತಿದ್ದ ಕೆಲವು ಪೈಲಟ್‌ಗಳಿಗೆ ರನ್‌ವೇಗೆ ಅಡ್ಡ ಬಂದ ಇನ್ನೊಂದು ವಿಮಾನವೇ ಕಾಣಲಿಲ್ಲ! ನಮ್ಮ ರಸ್ತೆಗೆ ಅಡ್ಡ ಬರುವುದು ದನವೋ, ಲೈಟಿಲ್ಲದ ಸೈಕಲ್ಲೋ ಆಗಿರುತ್ತದೆ.

ಆಗುಂಬೆಯ 14 ಹೇರ್‌ಪಿನ್ ತಿರುವುಗಳ ಮಾತು ಬೇರೆ. ಅಲ್ಲಿ ಆಫ್ ಮಾಡಿ. ಮೊದಲನೇ, ಎರಡನೇ ಗೇರಿನಲ್ಲಿ ಇಳಿಯುವಾಗ ಸ್ಪೀಡ್ ಎಷ್ಟಾದರೇನು, ಅಲ್ವಾ? ತಿರುವಿನಲ್ಲಿ ನೋಡಬೇಕಾದದ್ದು ಪಕ್ಕದ ಕಿಟಕಿಯಿಂದ, ತಿರುವು ಬಿಚ್ಚಿಕೊಳ್ಳುವ ಕಡೆಗೆ. ಡ್ರೈವಿಂಗ್ ಕಲಿಯಲು ಬರುವವರಿಗೆ ನಾನು ಇದನ್ನೇ ಹೇಳಿ ಹೇಳಿ ಸಾಕಾಗಿದ್ದೇನೆ. ಡಿಸ್‌ಪ್ಲೇ ಮಾತ್ರ ಎದುರಿನ ಗ್ಲಾಸಿನಲ್ಲೇ ಕೂತು ಕಣ್ಣನ್ನು ಕರೆಯುತ್ತಿರುತ್ತದೆ.

ಪ್ರಶ್ನೆ: ಮೊಬೈಲನ್ನು ಡ್ಯಾಶ್‌ಬೋರ್ಡಿನ ಮೇಲೆ ಮಲಗಿಸಿ, ಆ್ಯಪಿನಿಂದ ಗ್ಲಾಸಿಗೆ ಬಿಂಬ ಬೀಳಿಸಬಹುದಂತೆ. ಹಳೇ ಕಾರಿಗೆ ಸಾಕಲ್ವಾ? – ಓದುಗರು, ಸಾಗರ

ಉತ್ತರ: ಸಾಲದು. ಮಾಮೂಲಿ ಗ್ಲಾಸಿನ ಒಳಮೈ, ಹೊರಮೈ ಎರಡೂ ಬಿಂಬ ಕೊಡುವುದರಿಂದ ಅಂಕಿ ಎರಡೆರಡಾಗಿ ಕಾಣುತ್ತದೆ. ಗ್ಲಾಸಿಗೇ ಬಿಂಬ ಬೀಳಿಸುವ ಕಂಪನಿ ಡಿಸ್‌ಪ್ಲೇಗೆ ಬೇರೆಯೇ ಗ್ಲಾಸ್ ಇರುತ್ತದೆ. ಅದರ ನಡುವಿನ ಪದರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹಾಗಾಗಿ ಎರಡೂ ಬಿಂಬ ಒಂದರ ಮೇಲೊಂದು ಕೂತು ಅಂಕಿ ಒಂದೇ ಕಾಣುತ್ತದೆ. (ಅಂಥ ಕಾರಿನ ಗ್ಲಾಸ್ ಒಡೆದರೆ ಅದೇ ಬಗೆಯದನ್ನು ಕೇಳಿ ಹಾಕಿಸಿ.) ಕಂಪನಿ ಬಿಂಬ ಸುಮಾರು 2 ಮೀಟರ್ ಮುಂದೆ ತೇಲಿದಂತೆ ಕಾಣುವುದರಿಂದ ಕಣ್ಣಿಗೆ ಹೊಂದಿಕೊಳ್ಳುವ ಕೆಲಸ ಕಡಿಮೆ. ಮೊಬೈಲಿನದು ಗ್ಲಾಸಿನ ಹತ್ತಿರವೇ ಕಾಣುತ್ತದೆ, ಆ ಲಾಭವೂ ಇಲ್ಲ. ಮೇಲಾಗಿ ಮೊದಲ ತಿರುವಿಗೇ ಮೊಬೈಲು ಜಾರಿ ಪೆಡಲ್ ಹತ್ತಿರ ಬಿದ್ದರೆ? ಸುಮ್ನೆ ಮೀಟರ್ ನೋಡಿಕೊಂಡು ಓಡಿಸಿ.