ಹೊಂಡದ ನೀರಿನ ಭಾರಕ್ಕೆ ಎರೆ ಮಣ್ಣು ಬಿಗಿಯುತ್ತದೆಯೇ?

ಪ್ರಶ್ನೆ: ನಮ್ಮ ತೊಗರಿ ಹೊಲದಲ್ಲಿ 3 ಮೀಟರ್ ಆಳದ ಕೃಷಿ ಹೊಂಡ ತೋಡಿಸಿದ್ದೇವೆ. ತಳದಲ್ಲಿ ಅರ್ಧ ಮೀಟರ್ ಎರೆ ಮಣ್ಣು, ಅದರ ಕೆಳಗೆ ಮೊರಂ (ಗರಸು ಮಣ್ಣು) ಇದೆ. ತುಂಬಿದ ನೀರಿನ ಭಾರಕ್ಕೆ ಮಣ್ಣು ಅಮುಕಿಕೊಂಡು ಸೋರಿಕೆ ತಾನಾಗಿ ನಿಲ್ಲುತ್ತದೆ ಎಂದು ನಮ್ಮ ಕಾಕಾ ಹೇಳುತ್ತಾರೆ; ನೀರು ಏರಿದಷ್ಟೂ ಸೋರಿಕೆ ಹೆಚ್ಚುತ್ತದೆ ಎಂಬುದು ತೋಡಿದವರ ಮಾತು. ಯಾವುದು ಸರಿ?
– ಓದುಗರೊಬ್ಬರು, ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ತೋಡಿದವರ ಮಾತಿಗೇ ಹೆಚ್ಚು ತೂಕವಿದೆ, ಆದರೆ ನಿಮ್ಮ ಕಾಕಾ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಮಣ್ಣಿನ ರಂಧ್ರಗಳು ಕಿರಿದಾಗಬೇಕಾದರೆ ಕಣಗಳು ಒಂದನ್ನೊಂದು ಒತ್ತಬೇಕು. ಮೇಲಿನ ಭಾರದಿಂದ ಹುಟ್ಟುವ ಒಟ್ಟು ಒತ್ತಡದಲ್ಲಿ ರಂಧ್ರದೊಳಗಿನ ನೀರಿನ ಒತ್ತಡವನ್ನು ಕಳೆದು ಉಳಿದದ್ದಷ್ಟೇ ಕಣಗಳ ಪಾಲಿಗೆ ಬರುತ್ತದೆ ಎಂಬ ನಿಯಮವನ್ನು ಮಣ್ಣಿನ ಬಲಗಳನ್ನು ಅಧ್ಯಯನ ಮಾಡಿದ ಎಂಜಿನಿಯರ್ ಕಾರ್ಲ್ ಟರ್ಜಾಗಿ 1920ರ ದಶಕದಲ್ಲಿ ರೂಪಿಸಿದರು. ಹೊಂಡದ ನೀರು ಮೇಲಿನಿಂದ ಒತ್ತಿದಷ್ಟೇ ಬಲದಿಂದ ರಂಧ್ರದೊಳಗೂ ಒತ್ತಿದರೆ ಕಣಗಳಿಗೆ ಹೊಸ ಭಾರವೇ ಬೀಳುವುದಿಲ್ಲ. ಕಲ್ಲು ಹೇರಿದಂತೆ ನೀರು ಹೇರಲಾಗದು ಎಂಬುದು ಇದೇ ಕಾರಣಕ್ಕೆ. ಆದರೆ ನಿಮ್ಮಲ್ಲಿ ಮೊರಂ ನೀರನ್ನು ಬಸಿದುಕೊಳ್ಳುವುದರಿಂದ ಕೆಳಗಿಳಿದಂತೆ ರಂಧ್ರದ ಒತ್ತಡ ಕುಗ್ಗಿ, ಪದರದ ಅಡಿಭಾಗವಷ್ಟೇ ತುಸು ಬಿಗಿಯುತ್ತದೆ. ಅದಕ್ಕೂ ತಿಂಗಳುಗಟ್ಟಲೆ ಕಾಲ ಬೇಕು. ಮಳೆಗಾಲದಲ್ಲಿ ಮೊರಂನಲ್ಲೇ ನೀರು ನಿಂತರೆ ಬಿಗಿದ ಮಣ್ಣು ಮತ್ತೆ ಉಬ್ಬುತ್ತದೆ. ಅಂಥ ಹೊತ್ತಿನಲ್ಲಿ ಹೊಂಡವನ್ನು ಬರಿದು ಮಾಡಿದರೆ ಕೆಳಗಿನ ಒತ್ತಡವು ಪದರದ ಭಾರವನ್ನು ಮೀರಿ ತಳವನ್ನೇ ಎತ್ತಿ ಸೀಳಬಹುದು.

ಸೋರಿಕೆಯ ಲೆಕ್ಕಕ್ಕೆ ಫ್ರೆಂಚ್ ಎಂಜಿನಿಯರ್ ಡಾರ್ಸಿಯ 1856ರ ಸೂತ್ರವೇ ಸಾಕು: ನೀರಿನ ಮಟ್ಟ ಏರಿದಷ್ಟೂ ಸೋರಿಕೆ ಹೆಚ್ಚುತ್ತದೆ, ಪದರ ದಪ್ಪವಾದಷ್ಟೂ ತಗ್ಗುತ್ತದೆ. ಬಿರುಕಿಲ್ಲದ ಜೇಡಿ ಮಣ್ಣಿನ ಪ್ರವೇಶ್ಯತೆಯನ್ನು (ನೀರನ್ನು ಹಾಯಗೊಡುವ ಗುಣವನ್ನು) ಸೆಕೆಂಡಿಗೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೆಂದು ಹಿಡಿಯೋಣ. 3 ಮೀಟರ್ ನೀರು ಅರ್ಧ ಮೀಟರ್ ಪದರವನ್ನು ಹಾಯ್ದು ಮೊರಂಗೆ ಇಳಿಯುವಾಗ ವಾಲು, ಅಂದರೆ ನೀರು ಮತ್ತು ಪದರದ ಒಟ್ಟು ಎತ್ತರವನ್ನು ಪದರದ ದಪ್ಪದಿಂದ ಭಾಗಿಸಿದ್ದು, ಸುಮಾರು 7 ಆಗುತ್ತದೆ; ವರ್ಷಕ್ಕೆ ಇಳಿಯುವ ನೀರು ಸುಮಾರು 22 ಸೆಂ.ಮೀ. ಆದ್ದರಿಂದ ಬಿಸಿಲಿಗೆ ಆವಿಯಾಗುವುದನ್ನು ಬಿಟ್ಟು ವಾರಕ್ಕೆ ಒಂದು ಗೇಣು ನೀರು ಇಳಿಯುತ್ತಿದ್ದರೆ ಅದು ರಂಧ್ರದ ಸೋರಿಕೆಯಲ್ಲ, ಬಿರುಕಿನದು. ಬೇಸಿಗೆಯಲ್ಲಿ ಎರೆ ಹೊಲ ಕೈ ತೂರುವಷ್ಟು ಬಾಯಿ ಬಿಡುವುದನ್ನು ನಿಮಗೆ ಹೇಳಬೇಕಿಲ್ಲ. ನೀರು ತಾಕಿದಾಗ ಮಣ್ಣು ಉಬ್ಬಿ ಬಿರುಕು ಬಹುಮಟ್ಟಿಗೆ ಕೂಡುತ್ತದೆ, ಆದರೆ ಮೊದಲ ಮಳೆಯ ನೀರು ಅಷ್ಟರಲ್ಲಿ ಮೊರಂ ಸೇರಿರುತ್ತದೆ.

ಹೀಗಾಗಿ ನೀರಿನ ಭಾರವನ್ನು ನೆಚ್ಚದೆ, ತಳದ ಮಣ್ಣನ್ನು ಕಿತ್ತು, ಹೆಂಟೆ ಒಡೆದು, ಮುದ್ದೆ ಕಟ್ಟುವಷ್ಟು ಹಸಿ ಮಾಡಿ, 15 ಸೆಂ.ಮೀ. ಪದರಗಳಾಗಿ ರೋಲರ್ ಹಾಯಿಸಿ. ಒಣ ಮಣ್ಣನ್ನು ಎಷ್ಟು ತುಳಿಸಿದರೂ ಹೆಂಟೆಗಳ ನಡುವೆ ಸಂದು ಉಳಿಯುತ್ತದೆ. ಮೇಲೆ ಒಂದು ಅಡಿ ಮೊರಂ ಹರಡಿದರೆ ಆ ಭಾರ ನೇರವಾಗಿ ಕಣಗಳಿಗೆ ಸಲ್ಲುತ್ತದೆ, ಬಿಸಿಲೂ ತಳಕ್ಕೆ ತಾಗುವುದಿಲ್ಲ. ಮಾರ್ಚ್ ನಂತರವೂ ತಳ ಮುಚ್ಚುವಷ್ಟು ನೀರನ್ನು ಪಂಪ್ ಮಾಡದೆ ಬಿಡಿ.