ಗೊಬ್ಬರವನ್ನೇ ಕಾಣದ ಬದುವಿನ ಹುಲ್ಲಿಗೆ ರಂಜಕ, ಅಂದರೆ ಫಾಸ್ಫರಸ್ ಎಂಬ ಪೋಷಕಾಂಶ, ಎಲ್ಲಿಂದ ಸಿಗುತ್ತದೆ?

ಆ ಮಣ್ಣಿನಿಂದಲೇ. ಮಂಡ್ಯ ಕಡೆಯ ಕೆಂಪು ಮಣ್ಣಿನಲ್ಲಿ ರಂಜಕ ಇಲ್ಲವೇ ಇಲ್ಲ ಅಂತಲ್ಲ. ಅದು ಮಣ್ಣಿನ ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಯೂರಿಯಾದ ಹಾಗೆ ಅದು ನೀರಿನ ಜೊತೆ ಬೇರಿನ ಹತ್ತಿರ ಸುಲಭವಾಗಿ ಬರುವುದಿಲ್ಲ. ಬೇರು ತಾನೇ ಅದನ್ನು ಹುಡುಕಿಕೊಂಡು ಹೋಗಬೇಕು.

ಹುಲ್ಲಿನ ಜಾತಿಗೇ ಸೇರಿದ ಒಂದು ರಾಗಿ ಪೈರನ್ನು ಮೆಲ್ಲಗೆ ಕಿತ್ತು ನೋಡಿ. ಸುಮ್ನೆ ಕೊಡವಿದರೆ ಬೇರಿನ ಮಣ್ಣೆಲ್ಲ ಉದುರುವುದಿಲ್ಲ, ಅಲ್ವಾ? ಅದನ್ನು ಹಿಡಿದಿರುವುದು ಕಂಡೂ ಕಾಣದಂಥ ಬೇರುಗೂದಲು. ರಂಜಕ ಸಾಲದಾದಾಗ ರಾಗಿ, ಜೋಳದಂಥ ಪೈರುಗಳು ಈ ಕೂದಲನ್ನು ಇನ್ನೂ ಉದ್ದವಾಗಿ, ಜಾಸ್ತಿ ಬೆಳೆಸುತ್ತವೆ. ಬೇರಿನೊಳಗೇ ವಾಸಮಾಡುವ ಒಂದು ಬಗೆಯ ಶಿಲೀಂಧ್ರವೂ ನೂಲಿನಂಥ ಎಳೆ ಚಾಚಿ, ಕೂದಲಿಗೆ ಎಟುಕದ ಜಾಗದಿಂದ ರಂಜಕ ತಂದುಕೊಡುತ್ತದೆ. ಬದಲಿಗೆ ಪೈರು ಅದಕ್ಕೆ ಸಕ್ಕರೆ ಕೊಡುತ್ತದೆ. ಈ ಕೊಡುಕೊಳ್ಳುವಿಕೆ ನನಗೆ ಇವತ್ತಿಗೂ ಸೋಜಿಗವೇ.

ಬದುವಿನ ಕಾಡುಹುಲ್ಲಿಗೆ ಅವಸರವೂ ಇಲ್ಲ. ನಿಧಾನವಾಗಿ ಬೆಳೆಯುತ್ತದೆ. ಹಳೆ ಎಲೆ ಒಣಗುವ ಮೊದಲು ಅದರಲ್ಲಿನ ರಂಜಕವನ್ನು ಬಹುಪಾಲು ಹಿಂದಕ್ಕೆ ಎಳೆದುಕೊಂಡು ಹೊಸ ಚಿಗುರಿಗೆ ಕಳಿಸುತ್ತದೆ. ರಾಗಿ ಹೊಲದಲ್ಲಿ ಹಾಗಲ್ಲ. ತೆನೆ ಕೊಯ್ದು ಮನೆಗೆ ತಂದಾಗಲೆಲ್ಲ ಕಾಳಿನ ಜೊತೆ ರಂಜಕವೂ ಹೊಲ ಬಿಟ್ಟು ಬರುತ್ತದೆ. ಅದಕ್ಕೇ ಹೊಲಕ್ಕೆ ಗೊಬ್ಬರ ಬೇಕು.